ಫ್ರಿಜ್ಜಿನಿಂದ ಸೋರುವುದು ಗ್ಯಾಸಲ್ಲ, ಗಾಳಿಯ ನೀರು

ಅಡುಗೆಮನೆಯ ನೆಲದ ಮೇಲೆ ಫ್ರಿಜ್ಜಿನ ಬುಡದಿಂದ ನೀರು ಹರಿದು ಬಂದರೆ ಹೆಚ್ಚಿನ ಮನೆಗಳಲ್ಲಿ ಹೊರಡುವ ಮೊದಲ ಮಾತು ‘ಗ್ಯಾಸ್ ಲೀಕ್ ಆಗಿರಬೇಕು’ ಎಂಬುದು. ಕೂಡಲೇ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಬಂದವರು ನೇರ ಮನುಷ್ಯರಾಗಿದ್ದರೆ ಕಟ್ಟಿಕೊಂಡಿದ್ದ ಒಂದು ತೂತನ್ನು ಬಿಡಿಸಿ, ಬಂದುಹೋದ ಖರ್ಚಷ್ಟನ್ನೇ ತೆಗೆದುಕೊಂಡು ಹೋಗುತ್ತಾರೆ. ಅಲ್ಲದಿದ್ದರೆ ಗ್ಯಾಸ್ ತುಂಬಿಸಿದ ಲೆಕ್ಕದಲ್ಲಿ ದೊಡ್ಡ ಬಿಲ್ ಆಗುತ್ತದೆ. ಕೆಲವು ದಿನ ಕಳೆದ ಮೇಲೆ ನೀರು ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಏಕೆಂದರೆ ತೂತು ಕಟ್ಟಿಕೊಂಡೇ ಇರುತ್ತದೆ.

ಫ್ರಿಜ್ಜಿನಲ್ಲಿ ಗ್ಯಾಸ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲೊಂದು ಪುಟ್ಟ ಚರಂಡಿಯೂ ಇದೆ ಎಂಬುದನ್ನು ಬಲ್ಲವರು ಕಡಿಮೆ. ಆ ಚರಂಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಸೋರುವ ಫ್ರಿಜ್ಜಿನ ಸಾಮಾನ್ಯ ತೊಂದರೆಗಳನ್ನು ಮನೆಯವರೇ ಪತ್ತೆ ಮಾಡಬಹುದು, ಹಲವನ್ನು ಸರಿಪಡಿಸಲೂಬಹುದು. ಉಳಿದದ್ದನ್ನು ಮೆಕ್ಯಾನಿಕ್‌ಗೆ ಒಪ್ಪಿಸುವಾಗ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬ ತಿಳಿವಳಿಕೆಯಾದರೂ ಇರುತ್ತದೆ.

ಗ್ಯಾಸ್ ಸೋರಿದರೆ ಏನಾಗುತ್ತದೆ?

ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-12 ಅನಿಲ ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಆರ್-134ಎ ಬಂತು. ಈಗ ಮನೆಬಳಕೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಆರ್-134ಎ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದು ಆವಿಯಾಗುತ್ತದೆ. ಆರ್-600ಎ ಸುಮಾರು 12 ಡಿಗ್ರಿ ಕೆಳಗೆ. ನಮ್ಮ ಅಡುಗೆಮನೆಯ ಶಾಖದಲ್ಲಿ ಇವೆರಡೂ ಕೊಳವೆಯಿಂದ ಹೊರಬಿದ್ದ ಕ್ಷಣವೇ ಗಾಳಿಯಲ್ಲಿ ಸೇರಿಹೋಗುತ್ತವೆ. ಸೋರಿದ ಜಾಗದಲ್ಲಿ ಉಳಿದರೆ ಉಳಿಯುವುದು ಕಂಪ್ರೆಸರ್ ಎಣ್ಣೆಯ ಒಂದು ಸಣ್ಣ ಜಿಡ್ಡಿನ ಕಲೆ. ನೆಲದ ಮೇಲೆ ಹರಡಿ ನಿಲ್ಲುವುದು ಗ್ಯಾಸಿನಿಂದ ಸಾಧ್ಯವಿಲ್ಲ. ಅಷ್ಟಕ್ಕೂ ಒಂದು ಮನೆಯ ಫ್ರಿಜ್ಜಿನಲ್ಲಿರುವ ಐಸೋಬ್ಯೂಟೇನ್ ಕೆಲವು ಹತ್ತು ಗ್ರಾಂಗಳಷ್ಟು ಮಾತ್ರ.

ಗ್ಯಾಸ್ ಹೋದ ಫ್ರಿಜ್ಜಿನ ಲಕ್ಷಣ ಬೇರೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿರುತ್ತದೆ, ಆದರೂ ತಂಪು ಇಳಿಯುತ್ತಾ ಹೋಗುತ್ತದೆ. ಐಸ್ ಟ್ರೇಯಲ್ಲಿಟ್ಟ ನೀರು ಗಟ್ಟಿಯಾಗುವುದಿಲ್ಲ, ಹಾಲು ಒಡೆಯುತ್ತದೆ. ಇಲ್ಲೊಂದು ಎಚ್ಚರ ಬೇಕು: ತಂಪು ಹೋದಾಗ ಫ್ರೀಜರಿನಲ್ಲಿ ಮೊದಲೇ ಇದ್ದ ಐಸು ಕರಗಿ ಒಂದು ಸಲ ನೀರಾಗಿ ಬರಬಹುದು. ಹಾಗಾಗಿ ನೆಲದಲ್ಲಿ ನೀರು ಕಂಡ ತಕ್ಷಣ ಮಾಡಬೇಕಾದ ಮೊದಲ ಪರೀಕ್ಷೆ ಫ್ರೀಜರಿನ ಬಾಗಿಲು ತೆಗೆದು ನೋಡುವುದು. ಒಳಗೆ ಐಸು ಕಲ್ಲಿನಂತೆ ಗಟ್ಟಿಯಾಗಿದ್ದು, ಕೆಳಗಿನ ಭಾಗವೂ ತಣ್ಣಗಿದ್ದು, ನೀರು ಮಾತ್ರ ಸೋರುತ್ತಿದ್ದರೆ ಗ್ಯಾಸಿನ ಮಾತೇ ಬೇಡ.

ಹಾಗಾದರೆ ಆ ನೀರು ಎಲ್ಲಿಯದು?

ನೀರು ಬರುವುದು ನಾವು ಉಸಿರಾಡುವ ಗಾಳಿಯಿಂದ. ಬೇಸಿಗೆಯಲ್ಲಿ ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆಯೇ ಫ್ರಿಜ್ಜಿನೊಳಗಿನ ತಣ್ಣನೆಯ ಕೊಳವೆಗಳ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಅಲ್ಲಿ ಇನ್ನಷ್ಟು ಚಳಿ ಇರುವುದರಿಂದ ಹನಿ ಹಿಮವಾಗಿ ಅಂಟಿಕೊಳ್ಳುತ್ತದೆ. ಆ ಹಿಮ ಕರಗಿದಾಗ ನೀರು.

ಎಷ್ಟು ನೀರು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಬಹುದು. ಮಳೆಗಾಲದ ಉಡುಪಿಯಲ್ಲಿ 27 ಡಿಗ್ರಿ ಶಾಖ, ಶೇ 90ರಷ್ಟು ತೇವಾಂಶ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 4 ಡಿಗ್ರಿಗೆ ತಣಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು ಆರೂವರೆ ಗ್ರಾಂನಷ್ಟನ್ನು ಮಾತ್ರ. ಉಳಿದದ್ದನ್ನು ಅದು ಕೆಳಗೆ ಹಾಕಲೇಬೇಕು. 250 ಲೀಟರಿನ ಫ್ರಿಜ್ಜಿನ ಗಾಳಿ ಒಮ್ಮೆ ಪೂರ್ತಿ ಬದಲಾದರೆ ಸುಮಾರು 4 ಗ್ರಾಂ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ತುಸು ಕಡಿಮೆ ನೀರು ಒಳಗೆ ಉಳಿಯುತ್ತದೆ. ದಿನಕ್ಕೆ ಇಪ್ಪತ್ತೈದು ಸಲ ಬಾಗಿಲು ತೆಗೆಯುವ ಮನೆಯಲ್ಲಿ ಅದು ಅರ್ಧ ಲೋಟ. ಇದರ ಮೇಲೆ ಮುಚ್ಚದೆ ಇಟ್ಟ ಸಾರು, ತೊಳೆದು ಹಾಗೇ ಇಟ್ಟ ಸೊಪ್ಪು, ಬಿಸಿ ಆರುವ ಮೊದಲೇ ಒಳಗೆ ಸೇರಿದ ಪಲ್ಯ, ಇವೆಲ್ಲವೂ ತಮ್ಮ ಪಾಲಿನ ಆವಿಯನ್ನು ಸೇರಿಸುತ್ತವೆ.

ಇದಕ್ಕೆ ಎದುರಾಗಿ ಕಲಬುರಗಿಯ ಏಪ್ರಿಲ್ ತಿಂಗಳನ್ನು ನೋಡಿ. 40 ಡಿಗ್ರಿ ಬಿಸಿಲು, ತೇವಾಂಶ ಶೇ 20 ಎಂದುಕೊಂಡರೆ ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದು 10 ಗ್ರಾಂ ನೀರಾವಿ. ಅಲ್ಲಿನ ಫ್ರಿಜ್ಜು ಶಾಖದೊಡನೆ ಗುದ್ದಾಡಿ ಬಳಲಿದರೂ ನೀರಿನ ಕಾಟ ಕಡಿಮೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್ ತಿಂಗಳಿಂದ ಸೋರುವಿಕೆ ಜಾಸ್ತಿಯಾಗುವುದು ಫ್ರಿಜ್ಜಿಗೆ ವಯಸ್ಸಾಯಿತೆಂದೇ ಅಲ್ಲ, ಸುತ್ತಲಿನ ಗಾಳಿ ಅಷ್ಟು ಒದ್ದೆಯಾಗಿದೆ ಎಂದು.

ನೀರು ಹೋಗಬೇಕಾದ ದಾರಿ

ನಮ್ಮ ಮನೆಗಳಲ್ಲಿರುವ ಫ್ರಿಜ್ಜುಗಳಲ್ಲಿ ಎರಡು ಜಾತಿ. ಎರಡರಲ್ಲೂ ಈ ನೀರಿಗೆ ಒಂದು ದಾರಿಯನ್ನು ತಯಾರಕರು ಮೊದಲೇ ಮಾಡಿಟ್ಟಿರುತ್ತಾರೆ.

ಸಿಂಗಲ್ ಡೋರ್ ಎಂದು ಕರೆಯುವ ಸಾಮಾನ್ಯ ಫ್ರಿಜ್ಜಿನಲ್ಲಿ ಮೇಲಿರುವ ಅಲ್ಯೂಮಿನಿಯಂ ಫ್ರೀಜರ್ ಪೆಟ್ಟಿಗೆಯ ಗೋಡೆಯೊಳಗೇ ಗ್ಯಾಸ್ ಓಡಾಡುತ್ತದೆ. ಅದರ ಸುತ್ತ ಹಿಮ ಬೆಳೆಯುತ್ತದೆ. ಕೂಲಿಂಗ್ ನಾಬಿನ ನಡುವೆ ಇರುವ ಡಿಫ್ರಾಸ್ಟ್ ಬಟನ್ ಒತ್ತಿದರೆ ಕಂಪ್ರೆಸರ್ ನಿಂತು ಹಿಮ ಕರಗುತ್ತದೆ. ಕರಗಿದ ಬಳಿಕ ತಾನಾಗಿ ಮತ್ತೆ ಶುರುವಾಗುತ್ತದೆ. ನೀರು ಫ್ರೀಜರಿನ ಅಡಿಯಲ್ಲಿರುವ ಟ್ರೇಗೆ ಬಿದ್ದು, ಹಿಂಬದಿಯ ತೂತಿನಿಂದ ಒಂದು ಕೊಳವೆಗೆ ಇಳಿದು, ಫ್ರಿಜ್ಜಿನ ಬೆನ್ನಿಗೆ ಕಂಪ್ರೆಸರಿನ ಬಳಿ ಇಟ್ಟಿರುವ ಪ್ಲಾಸ್ಟಿಕ್ ಟ್ರೇಯನ್ನು ಸೇರುತ್ತದೆ. ಕೆಲವು ಹಳೆಯ ಮತ್ತು ಚಿಕ್ಕ ಮಾದರಿಗಳಲ್ಲಿ ಕೊಳವೆ ಇರುವುದಿಲ್ಲ, ಒಳಗಿನ ಟ್ರೇಯನ್ನು ನಾವೇ ಹೊರತೆಗೆದು ಚೆಲ್ಲಬೇಕು.

ಫ್ರಾಸ್ಟ್ ಫ್ರೀ ಎಂದು ಮಾರುವ ಡಬಲ್ ಡೋರ್ ಫ್ರಿಜ್ಜಿನಲ್ಲಿ ಹಿಮ ಬೆಳೆಯುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಬೆಳೆಯುತ್ತದೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಬೆಳೆಯುತ್ತದೆ. ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಹಿಂದೆ ತಂಪಿನ ಕಾಯಿಲ್ ಇರುತ್ತದೆ, ಅದರ ಜೊತೆಗೊಂದು ಫ್ಯಾನ್. ದಿನಕ್ಕೆ ಕೆಲವು ಸಲ ಕಾಯಿಲಿನ ಕೆಳಗಿರುವ ಹೀಟರ್ ಸ್ವಲ್ಪ ಹೊತ್ತು ಕಾದು ಅಲ್ಲಿನ ಹಿಮವನ್ನು ಕರಗಿಸುತ್ತದೆ. ನೀರು ಕಾಯಿಲಿನ ಅಡಿಯ ತೊಟ್ಟಿಗೆ ಬಿದ್ದು, ತೂತು, ಕೊಳವೆ, ಹಿಂದಿನ ಟ್ರೇ ಎಂಬ ಅದೇ ಕ್ರಮದಲ್ಲಿ ಇಳಿಯುತ್ತದೆ.

ಎರಡರಲ್ಲೂ ಕೊನೆ ಒಂದೇ. ಹಿಂದಿನ ಟ್ರೇಯಲ್ಲಿ ನಿಂತ ನೀರು ಕಂಪ್ರೆಸರಿನ ಶಾಖಕ್ಕೆ ಆವಿಯಾಗಿ ಅಡುಗೆಮನೆಯ ಗಾಳಿಗೇ ವಾಪಸಾಗುತ್ತದೆ. ಗಾಳಿಯಿಂದ ಬಂದದ್ದು ಗಾಳಿಗೆ ಸೇರುವವರೆಗಿನ ಈ ದಾರಿಯಲ್ಲಿ ಎಲ್ಲಿಯಾದರೂ ತಡೆ ಬಂದರೆ, ಅಥವಾ ದಾರಿ ಹೊರುವುದಕ್ಕಿಂತ ಹೆಚ್ಚು ನೀರು ಬಂದರೆ, ಅದು ನೆಲಕ್ಕೆ ಇಳಿಯುತ್ತದೆ. ಹಾಗಾಗಿ ನಾವು ಹುಡುಕಬೇಕಾದ್ದು ಎರಡೇ ಸಂಗತಿ: ತಡೆ ಎಲ್ಲಿದೆ, ಹೆಚ್ಚುವರಿ ನೀರು ಎಲ್ಲಿಂದ ಬರುತ್ತಿದೆ.

ಕೈ ಹಾಕುವ ಮೊದಲು ನೋಡಿ

ಮೊದಲು ನೀರನ್ನು ಬೆರಳಿಗೆ ಮುಟ್ಟಿಸಿ ನೋಡಿ. ಅಂಟಂಟಾಗಿದ್ದರೆ, ಬಿಳುಪಾಗಿದ್ದರೆ, ವಾಸನೆ ಇದ್ದರೆ ಅದು ಫ್ರಿಜ್ಜಿನ ತಪ್ಪಲ್ಲ. ಹಾಲಿನ ಪ್ಯಾಕೆಟ್ಟಿಗೆ ಬಿದ್ದ ಸೂಜಿಯಷ್ಟು ತೂತೋ, ವಾಲಿದ ಜ್ಯೂಸ್ ಬಾಟಲಿಯೋ, ಉಕ್ಕಿದ ದೋಸೆ ಹಿಟ್ಟೋ ಇರಬಹುದು. ಬಾಗಿಲಿನಲ್ಲೇ ಕುಡಿಯುವ ನೀರಿನ ತೊಟ್ಟಿ ಇರುವ ಮಾದರಿಯಾದರೆ ತೊಟ್ಟಿಯನ್ನು ಖಾಲಿ ಮಾಡಿ ಒಂದು ದಿನ ಬಿಡಿ. ಸೋರುವಿಕೆ ನಿಂತರೆ ಅದರ ನಲ್ಲಿಯ ರಬ್ಬರ್ ವಾಷರ್ ಹಾಳಾಗಿದೆ, ಅಥವಾ ತೊಟ್ಟಿ ಸರಿಯಾಗಿ ಕೂತಿಲ್ಲ. ನೇರವಾಗಿ ನಲ್ಲಿಯಿಂದ ಪೈಪ್ ಎಳೆದಿರುವ ದೊಡ್ಡ ಫ್ರಿಜ್ಜುಗಳಲ್ಲಿ ಆ ಪೈಪಿನ ವಾಲ್ವನ್ನು ಒಂದು ದಿನ ಮುಚ್ಚಿ ನೋಡಿದರೆ ಇದೇ ಉತ್ತರ ಸಿಗುತ್ತದೆ.

ನೀರು ತಿಳಿಯಾಗಿದ್ದರೆ ಎಲ್ಲವನ್ನೂ ಒರೆಸಿ ಒಣಗಿಸಿ. ಫ್ರಿಜ್ಜಿನ ಅಡಿಗೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹಳೆಯ ಪತ್ರಿಕೆಯ ಹಾಳೆ ಹಾಸಿ. ಒಳಗೆ ತರಕಾರಿ ಟ್ರೇಯ ಅಡಿಯಲ್ಲೂ ಒಂದು ಹಾಳೆ ಇರಲಿ. ಕೆಲವು ಗಂಟೆ ಬಿಟ್ಟು ಯಾವ ಹಾಳೆ ಮೊದಲು ನೆನೆಯಿತು ಎಂದು ನೋಡಿ.

ತರಕಾರಿ ಟ್ರೇಯ ಕೆಳಗೆ ನೀರು ನಿಂತು, ಅಲ್ಲಿಂದ ಬಾಗಿಲಿನ ಸಂದಿಯಲ್ಲಿ ಮುಂದಕ್ಕೆ ಹರಿದಿದ್ದರೆ ಒಳಗಿನ ತೂತು ಕಟ್ಟಿದೆ. ಸಿಂಗಲ್ ಡೋರಿನಲ್ಲಿ ಇನ್ನೊಂದು ಸಣ್ಣ ಕಾರಣವೂ ಇರುತ್ತದೆ: ಫ್ರೀಜರಿನ ಅಡಿಯ ಟ್ರೇಯನ್ನು ತೊಳೆದು ವಾಪಸ್ ಇಡುವಾಗ ಪೂರ್ತಿ ಒಳಕ್ಕೆ ತಳ್ಳಿರುವುದಿಲ್ಲ, ನೀರು ಟ್ರೇಯನ್ನು ತಪ್ಪಿಸಿ ಕೆಳಗಿನ ಶೆಲ್ಫಿಗೆ ಬೀಳುತ್ತದೆ. ಟ್ರೇಯನ್ನು ಸರಿಯಾಗಿ ಕೂರಿಸಿದರೆ ಕೆಲಸ ಮುಗಿಯಿತು.

ಡಬಲ್ ಡೋರಿನ ಫ್ರೀಜರ್ ನೆಲದಲ್ಲಿ ಗಾಜಿನ ಹಲಗೆಯಂತೆ ಐಸು ಹಾಸಿಕೊಂಡಿದ್ದರೆ ಕಾಯಿಲಿನ ಅಡಿಯ ತೂತು ಹಿಮದಿಂದ ಮುಚ್ಚಿದೆ ಎಂದರ್ಥ. ನೀರು ಇಳಿಯಲಾಗದೆ ಮುಂದಕ್ಕೆ ಹರಿದು ಅಲ್ಲೇ ಹೆಪ್ಪುಗಟ್ಟಿದೆ.

ಒಳಗೆ ಎಲ್ಲೂ ನೀರಿಲ್ಲದೆ ಹಿಂದಿನ ಹಾಳೆ ಮಾತ್ರ ಒದ್ದೆಯಾದರೆ ದೋಷ ಹಿಂದಿನ ಟ್ರೇಯಲ್ಲಿದೆ. ಟ್ರೇ ಬಿರುಕು ಬಿಟ್ಟಿರಬಹುದು, ಜಾಗ ತಪ್ಪಿರಬಹುದು, ಕೊಳವೆಯ ತುದಿ ಟ್ರೇಯ ಹೊರಗೆ ಬಾಗಿರಬಹುದು, ಇಲ್ಲವೇ ಟ್ರೇ ತುಂಬಿ ಉಕ್ಕಿರಬಹುದು. ಕರಾವಳಿಯ ಮಳೆಗಾಲದಲ್ಲಿ ಏನೂ ಕೆಡದೆಯೂ ಟ್ರೇ ಉಕ್ಕುವುದುಂಟು. ಒಳಗೆ ಬರುವ ನೀರು ಹೆಚ್ಚು, ಆದರೆ ಸುತ್ತಲಿನ ಗಾಳಿ ಮೊದಲೇ ಒದ್ದೆಯಾಗಿರುವುದರಿಂದ ಟ್ರೇಯ ನೀರು ಆರುವುದು ನಿಧಾನ. ಹೀಗೆ ಎರಡೂ ಕಡೆಯಿಂದ ಏಟು ಬಿದ್ದಾಗ ಆಗಾಗ ಟ್ರೇ ಖಾಲಿ ಮಾಡುವುದೊಂದೇ ದಾರಿ.

ಫ್ರಿಜ್ಜಿನ ಹೊರಮೈಯೇ ಬೆವರಿ ಹನಿ ಇಳಿಯುತ್ತಿದ್ದರೆ ಗಾಬರಿ ಬೇಡ. ಉಡುಪಿಯ ಅದೇ ಮಳೆಗಾಲದ ದಿನದಲ್ಲಿ ಯಾವುದೇ ವಸ್ತು ಕೋಣೆಗಿಂತ ಎರಡು ಡಿಗ್ರಿ ತಣ್ಣಗಿದ್ದರೂ ಸಾಕು, ಅದರ ಮೇಲೆ ಹನಿ ಕೂರುತ್ತದೆ. ಆದರೆ ಬೆವರು ಬಾಗಿಲಿನ ಅಂಚಿನಲ್ಲಷ್ಟೇ ಸಾಲಾಗಿ ಕಂಡರೆ ಅಲ್ಲಿಂದ ತಂಪು ಹೊರಗೆ ಸೋರುತ್ತಿದೆ, ರಬ್ಬರನ್ನು ನೋಡಬೇಕು.

ಕಟ್ಟಿದ ತೂತನ್ನು ಬಿಡಿಸುವುದು

ಸಿಂಗಲ್ ಡೋರಿನಲ್ಲಿ ಹಿಮ ಕರಗಿದ ಮೇಲೆ ಇದು ಅರ್ಧ ಗಂಟೆಯ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಒಳಗಿನದನ್ನು ಹೊರಗಿಟ್ಟು ಹಿಮ ಪೂರ್ತಿ ಕರಗುವವರೆಗೆ ಬಾಗಿಲು ತೆರೆದಿಡಿ. ಹಿಂಗೋಡೆಯಲ್ಲಿ ನೀರು ಇಳಿಯುವ ತೂತನ್ನು ಟಾರ್ಚ್ ಹಾಕಿ ಹುಡುಕಿ. ಅಲ್ಲಿ ಸಿಗುವುದು ಸಾಮಾನ್ಯವಾಗಿ ಕೊತ್ತಂಬರಿ ಸೊಪ್ಪಿನ ದಂಟು, ಕರಿಬೇವಿನ ಎಲೆ, ಒಣಗಿದ ಹಿಟ್ಟಿನ ಚೂರು, ಪ್ಲಾಸ್ಟಿಕ್ ಕವರಿನ ತುಣುಕು, ಇವೆಲ್ಲ ಸೇರಿ ಆದ ಲೋಳೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಸಿರಿಂಜನ್ನು ಸೂಜಿಯಿಲ್ಲದೆ ತೆಗೆದುಕೊಳ್ಳಿ. ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ ತೂತಿಗೆ ನಿಧಾನವಾಗಿ ಒತ್ತಿ. ಕುದಿಯುವ ನೀರು ಬೇಡ, ತಣ್ಣಗಿರುವ ಪ್ಲಾಸ್ಟಿಕ್ ಸೀಳುತ್ತದೆ. ನೀರಿಗೆ ಬಿಡದಿದ್ದರೆ ತುದಿ ಮೊಂಡಾದ, ಬಾಗುವಂಥ ತೆಳು ಪ್ಲಾಸ್ಟಿಕ್ ನಳಿಗೆಯನ್ನು ಒಳಕ್ಕೆ ಬಿಟ್ಟು ಮೆಲ್ಲಗೆ ತಿರುಗಿಸಿ. ಮೀನಿನ ತೊಟ್ಟಿಗೆ ಗಾಳಿ ಬಿಡುವ ನಳಿಗೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಗಟ್ಟಿ ಕಬ್ಬಿಣದ ತಂತಿ ಹಾಕಿ ಚುಚ್ಚಿದರೆ ಒಳಗೇ ಕೊಳವೆ ಹರಿದು, ನೀರು ಫ್ರಿಜ್ಜಿನ ಗೋಡೆಯ ಫೋಮಿನೊಳಗೆ ಸೇರುತ್ತದೆ. ಆ ಮೇಲೆ ರಿಪೇರಿ ಬಹಳ ಕಷ್ಟ.

ಬಿಟ್ಟಿತು ಎನಿಸಿದ ಮೇಲೆ ಅರ್ಧ ಲೋಟ ನೀರನ್ನು ತೂತಿಗೆ ಸುರಿದು ಹಿಂದೆ ಹೋಗಿ ನೋಡಿ. ಸುರಿದದ್ದೆಲ್ಲ ತಡವಿಲ್ಲದೆ ಟ್ರೇಗೆ ಬಂದರೆ ದಾರಿ ತೆರೆದಿದೆ. ಹನಿಹನಿಯಾಗಿ ಬಂದರೆ ಕೊಳವೆಯ ಕೆಳತುದಿಯನ್ನೂ ನೋಡಬೇಕು. ಕೆಲವು ಮಾದರಿಗಳಲ್ಲಿ ಅಲ್ಲೊಂದು ರಬ್ಬರ್ ಮೂತಿ ಇರುತ್ತದೆ, ಧೂಳು ಮತ್ತು ಲೋಳೆ ಸೇರಿ ಅದು ಅಂಟಿಕೊಂಡಿರುತ್ತದೆ. ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಹಾಕಬಹುದು.

ಡಬಲ್ ಡೋರಿನಲ್ಲಿ ತೂತು ಹಲಗೆಯ ಹಿಂದೆ ಇರುವುದರಿಂದ ಅದಕ್ಕೆ ನೇರವಾಗಿ ಕೈ ಹಾಕಲಾಗದು. ಆದರೆ ತಡೆ ಬರೀ ಹಿಮದ್ದಾದರೆ ಅದನ್ನು ಕರಗಿಸುವುದು ಸುಲಭ, ತಾಳ್ಮೆಯೊಂದಿದ್ದರೆ ಸಾಕು. ಒಳಗಿನದನ್ನು ಐಸ್ ಬಾಕ್ಸಿಗೋ ಪಕ್ಕದ ಮನೆಯ ಫ್ರಿಜ್ಜಿಗೋ ಸಾಗಿಸಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು, ಅಡಿಗೆ ಹಳೆಯ ಟವೆಲ್ ಹಾಸಿ ಒಂದು ಪೂರ್ತಿ ಹಗಲು, ಸಾಧ್ಯವಾದರೆ ರಾತ್ರಿಯೂ ಬಿಡಿ. ಒಳಗೆ ಸೀಲಿಂಗ್ ಫ್ಯಾನಿನ ಗಾಳಿ ಬಂದರೆ ಬೇಗ ಕರಗುತ್ತದೆ. ಮತ್ತೆ ಹಾಕಿದ ಮೇಲೆ ಸೋರುವಿಕೆ ನಿಂತು ತಿಂಗಳುಗಟ್ಟಲೆ ಬರದಿದ್ದರೆ ಬಾಗಿಲು ತೆರೆದೇ ಉಳಿದ ಯಾವುದೋ ಒಂದು ರಾತ್ರಿ ಅದಕ್ಕೆ ಕಾರಣವಿರಬೇಕು. ಕೆಲವೇ ವಾರಗಳಲ್ಲಿ ಮರುಕಳಿಸಿದರೆ ಹಿಮ ಕರಗಿಸುವ ಹೀಟರೋ, ಅದರ ಟೈಮರೋ, ಶಾಖ ಅಳೆಯುವ ಸೆನ್ಸರೋ ಕೆಟ್ಟಿದೆ. ಅದು ಮೆಕ್ಯಾನಿಕ್ ಕೆಲಸ. ಫ್ರೀಜರ್ ತಣ್ಣಗಿದ್ದು ಕೆಳಗಿನ ಭಾಗ ಮಾತ್ರ ಬೆಚ್ಚಗಾಗುತ್ತಾ ಬರುವುದು ಇದೇ ದೋಷದ ಇನ್ನೊಂದು ಗುರುತು: ಕಾಯಿಲಿನ ಸುತ್ತ ಹಿಮ ಕಟ್ಟಿ ಫ್ಯಾನಿನ ಗಾಳಿ ಕೆಳಗೆ ಬರಲಾಗುತ್ತಿಲ್ಲ.

ಹೆಚ್ಚುವರಿ ನೀರನ್ನು ತಡೆಯುವುದು

ದಾರಿ ತೆರೆದಿದ್ದರೂ ಹಿಮ ಬೇಗ ಬೇಗ ಬೆಳೆಯುತ್ತಿದ್ದರೆ ಒದ್ದೆ ಗಾಳಿ ಒಳಗೆ ನುಗ್ಗುತ್ತಿದೆ. ಮೊದಲು ಬಾಗಿಲಿನ ರಬ್ಬರನ್ನು ಪರೀಕ್ಷಿಸಿ. ಒಂದು ನೋಟನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸರ್ರನೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಕೂರುತ್ತಿಲ್ಲ. ನಾಲ್ಕೂ ಬದಿಗೆ ಹೀಗೆ ಮಾಡಿ, ಮೂಲೆಗಳನ್ನು ಬಿಡಬೇಡಿ. ಎಷ್ಟೋ ಸಲ ರಬ್ಬರಿನ ಮಡಿಕೆಯಲ್ಲಿ ಕೂತ ಜಿಡ್ಡು, ಕಪ್ಪು ಬೂಸ್ಟು ಇಷ್ಟೇ ಕಾರಣ. ಉಗುರುಬೆಚ್ಚಗಿನ ಸೋಪು ನೀರಲ್ಲಿ ಬಟ್ಟೆ ಅದ್ದಿ ಮಡಿಕೆಯೊಳಗೆಲ್ಲ ಒರೆಸಿ ಒಣಗಿಸಿದರೆ ಅಯಸ್ಕಾಂತ ಮತ್ತೆ ಹಿಡಿಯುತ್ತದೆ. ರಬ್ಬರ್ ಹರಿದಿದ್ದರೆ, ಬಿರುಸಾಗಿ ಸೊಟ್ಟಗಾಗಿದ್ದರೆ ಅದೇ ಮಾದರಿಯ ಹೊಸದನ್ನು ಹಾಕಿಸುವುದೇ ಸರಿ.

ಎರಡನೆಯದು ಫ್ರಿಜ್ಜು ನಿಂತಿರುವ ಭಂಗಿ. ಮುಂದಿನ ಕಾಲುಗಳು ಹಿಂದಿನವಕ್ಕಿಂತ ಒಂಚೂರು ಎತ್ತರವಿರಬೇಕು. ಆಗ ಅರ್ಧ ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ನೀರೂ ಹಿಂದಿನ ತೂತಿನ ಕಡೆಗೇ ವಾಲುತ್ತದೆ. ಚಕ್ರದ ಸ್ಟ್ಯಾಂಡಿನ ಮೇಲೆ ಇಟ್ಟವರು, ಇಳಿಜಾರು ನೆಲವಿರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಬೆನ್ನು ಗೋಡೆಗೆ ಒತ್ತಿಕೊಂಡಿದ್ದರೆ ಟ್ರೇಯ ನೀರು ಆರುವುದಿಲ್ಲ, ಗಾಳಿಯಾಡಲು ಒಂದು ಗೇಣಷ್ಟಾದರೂ ಜಾಗ ಬಿಡಿ.

ಮೂರನೆಯದು ನಾಬು. ಬೇಸಿಗೆಯಲ್ಲಿ ಹೆಚ್ಚಿಸಿದ ತಂಪನ್ನು ಮಳೆಗಾಲ ಬಂದರೂ ಅಲ್ಲೇ ಬಿಟ್ಟಿರುವ ಮನೆಗಳು ಬಹಳ. ನಾಬಿನ ಮೇಲಿನ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು, ಹಿಮವೂ ಹೆಚ್ಚು. ಕೆಳಗಿನ ಭಾಗ 4 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಆಹಾರ ಕೆಡದಿರಲು ಅಷ್ಟು ಸಾಕು. ಸಿಂಗಲ್ ಡೋರಿನವರು ಫ್ರೀಜರಿನ ಗೋಡೆಯಲ್ಲಿ ಹಿಮ ಬೆರಳಿನಷ್ಟು ದಪ್ಪವಾಗುವ ಮೊದಲೇ ಡಿಫ್ರಾಸ್ಟ್ ಬಟನ್ ಒತ್ತುವ ಅಭ್ಯಾಸ ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಗೇ ಕರಗಿಸಿದರೆ ಆ ಚಿಕ್ಕ ಟ್ರೇ ಅಷ್ಟು ನೀರನ್ನು ತಾಳುವುದಿಲ್ಲ.

ದೀರ್ಘ ಹೊತ್ತು ಕರೆಂಟ್ ಹೋದಾಗ ಬರುವ ನೀರು ಬೇರೆ ಲೆಕ್ಕ. ಬಾಗಿಲು ತೆರೆಯದೆ ಇದ್ದರೆ ಕೆಳಗಿನ ಭಾಗದ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಆ ಮೇಲೆ ಹಿಮ ಕರಗಿ ಇಳಿಯುವ ನೀರಿಗೆ ರಿಪೇರಿ ಬೇಕಿಲ್ಲ, ಒರೆಸುವ ಬಟ್ಟೆ ಸಾಕು.

ಹಿಂದಿನ ಟ್ರೇಯಲ್ಲಿರುವ ಇನ್ನೊಂದು ಅಪಾಯ

ಫ್ರಿಜ್ಜಿನ ಹಿಂದಿನ ಟ್ರೇಯನ್ನು ವರ್ಷಗಟ್ಟಲೆ ಯಾರೂ ನೋಡುವುದಿಲ್ಲ. ಹೊಸ ಫ್ರಿಜ್ಜು ತಂದಿಟ್ಟವರು ಅದು ಎಲ್ಲಿದೆ ಎಂದು ತೋರಿಸಿ ಹೋಗುವುದೂ ಅಪರೂಪ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗಿನ, ನೆರಳಿನ, ಹೆಚ್ಚು ಕಲಕದ ನೀರಿನಲ್ಲಿ. ಈ ಟ್ರೇ ಆ ಮೂರೂ ಗುಣವುಳ್ಳ ಜಾಗ. ಡೆಂಗಿ ಹೆಚ್ಚಿದಾಗ ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತರು ನೀರಿನ ಡ್ರಮ್ಮು, ಹೂಕುಂಡದ ತಟ್ಟೆಯ ಜೊತೆಗೆ ಫ್ರಿಜ್ಜಿನ ಹಿಂಬದಿಯನ್ನೂ ನೋಡುವುದು ಇದಕ್ಕೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಬೆಳೆಯಲು ಎಡೆಕೊಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಗೊತ್ತುಮಾಡಿತು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಟ್ರೇ ತೆಗೆದು ಚೆಲ್ಲಿದರೆ ಸರಪಳಿ ಕಡಿದಂತೆ. ಚೆಲ್ಲಿದ ಮೇಲೆ ಒಳಮೈಯನ್ನು ಉಜ್ಜಲೇಬೇಕು, ಏಕೆಂದರೆ ಮೊಟ್ಟೆಗಳು ನೀರಿನಂಚಿನಲ್ಲಿ ಟ್ರೇಯ ಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಊರಿಗೆ ಹೋಗುವಾಗ ಫ್ರಿಜ್ಜು ಆರಿಸಿ ಹೋಗುವವರು ಟ್ರೇಯನ್ನು ಒಣಗಿಸಿ ಹೋಗಬೇಕು.

ಮಾಡಬಾರದ ಕೆಲಸಗಳು

ಫ್ರಿಜ್ಜಿನ ವಿಷಯದಲ್ಲಿ ಮನೆಯಲ್ಲಿ ಆಗುವ ದೊಡ್ಡ ಹಾನಿ ಚಾಕುವಿನಿಂದ. ಅಂಟಿದ ಐಸ್ ಟ್ರೇಯನ್ನು ಎಬ್ಬಿಸಲು, ಹಿಮ ಕೆರೆಯಲು ಚಾಕು, ಸ್ಕ್ರೂಡ್ರೈವರ್ ಹಾಕಿದರೆ ಸಿಂಗಲ್ ಡೋರಿನ ತೆಳು ಅಲ್ಯೂಮಿನಿಯಂ ಗೋಡೆ ತೂತಾಗುತ್ತದೆ. ಬುಸ್ ಎಂದು ಸದ್ದು ಬಂದರೆ ಅದು ನಿಜವಾದ ಗ್ಯಾಸ್ ಲೀಕ್. ನೀರಿನ ತೊಂದರೆ ಸರಿಮಾಡಲು ಹೋಗಿ ಇಲ್ಲದ ತೊಂದರೆ ತಂದುಕೊಂಡಂತೆ.

ಐಸೋಬ್ಯೂಟೇನ್ ಹೊತ್ತಿಕೊಳ್ಳುವ ಅನಿಲ. ಕಂಪ್ರೆಸರಿನ ಮೇಲೆ ಹಳದಿ ತ್ರಿಕೋನದೊಳಗೆ ಬೆಂಕಿಯ ಚಿತ್ರವಿದ್ದರೆ ನಿಮ್ಮ ಫ್ರಿಜ್ಜಿನಲ್ಲಿ ಇರುವುದು ಹೊತ್ತಿಕೊಳ್ಳುವ ಅನಿಲ. ಹಾಗೆ ತೂತಾದರೆ ಕಿಟಕಿ ತೆರೆದು, ಒಲೆ ಆರಿಸಿ, ಹತ್ತಿರದ ಯಾವ ಸ್ವಿಚ್ಚನ್ನೂ ಮುಟ್ಟದೆ ಗಾಳಿಯಾಡಲು ಬಿಡಿ. ಹಿಮ ಬೇಗ ಕರಗಲೆಂದು ಹೇರ್ ಡ್ರೈಯರ್ ಹಿಡಿಯುವ ಸಲಹೆಯನ್ನು ಕೆಲವರು ಕೊಡುತ್ತಾರೆ. ನೀರು ಸುರಿಯುವ ಜಾಗದಲ್ಲಿ ಕರೆಂಟಿನ ಉಪಕರಣ ಹಿಡಿಯುವುದಕ್ಕಿಂತ ಒಳಗೊಂದು ಬಿಸಿನೀರಿನ ಪಾತ್ರೆ ಇಟ್ಟು ಕಾಯುವುದು ಒಳ್ಳೆಯದು.

ಒದ್ದೆ ನೆಲದಲ್ಲಿ ನಿಂತು ಫ್ರಿಜ್ಜನ್ನು ಮುಟ್ಟಿದಾಗ ಜುಮ್ಮೆಂದರೆ ಉಳಿದೆಲ್ಲವನ್ನೂ ಬಿಟ್ಟು ಮೇನ್ ಸ್ವಿಚ್ ಆರಿಸಿ. ಅದು ಅರ್ಥಿಂಗ್ ಸರಿಯಿಲ್ಲದ, ಎಲ್ಲೋ ವೈರು ತಾಗಿರುವ ಗುರುತು. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಫ್ರಿಜ್ಜನ್ನು ಬಳಸಬಾರದು.

ಮೆಕ್ಯಾನಿಕ್ ಬಂದಾಗ

ಇಷ್ಟೆಲ್ಲ ನೋಡಿಯೂ ನೀರು ನಿಲ್ಲದಿದ್ದರೆ ಮೆಕ್ಯಾನಿಕ್ ಬರಲೇಬೇಕು. ಆದರೆ ‘ಫ್ರಿಜ್ಜು ಸೋರುತ್ತಿದೆ, ಬನ್ನಿ’ ಎಂದು ಹೇಳುವುದಕ್ಕೂ, ‘ಡಬಲ್ ಡೋರು, ತಂಪು ಸರಿಯಿದೆ, ಫ್ರೀಜರ್ ನೆಲದಲ್ಲಿ ಐಸು ಹಾಸುತ್ತಿದೆ, ಪೂರ್ತಿ ಕರಗಿಸಿದ ಮೇಲೂ ಮರುಕಳಿಸಿತು’ ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತು ಕೇಳಿದ ಮೆಕ್ಯಾನಿಕ್ ಬೇಕಾದ ಬಿಡಿಭಾಗ ತೆಗೆದುಕೊಂಡೇ ಬರುತ್ತಾರೆ, ಊಹೆಗೆ ಜಾಗ ಕಡಿಮೆ.

‘ಗ್ಯಾಸ್ ಕಮ್ಮಿಯಾಗಿದೆ’ ಎಂಬ ಮಾತು ಬಂದರೆ ಒಂದೇ ಪ್ರಶ್ನೆ ಕೇಳಿ: ‘ಎಲ್ಲಿ ಲೀಕ್ ಆಗಿದೆ, ತೋರಿಸಿ.’ ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸಿದರೆ ಅದೂ ಹೊರಟುಹೋಗುತ್ತದೆ. ತುಂಬುವಾಗ ಕಂಪ್ರೆಸರಿನ ಲೇಬಲ್ಲಿನಲ್ಲಿ ಬರೆದಿರುವ ಗ್ಯಾಸನ್ನೇ, ಅಲ್ಲಿರುವಷ್ಟು ಗ್ರಾಂ ತೂಗಿ ಹಾಕಬೇಕು. ಮಾಡಿದ ಕೆಲಸ, ಬದಲಿಸಿದ ಭಾಗ ಎರಡನ್ನೂ ಬರೆದ ಬಿಲ್ ಕೇಳಿ ಪಡೆಯಿರಿ, ಹಳೆಯ ಭಾಗವನ್ನೂ ಇಸಿದುಕೊಳ್ಳಿ. ತಗಾದೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ದೂರು ಕೊಡುವಾಗ ಕೈಯಲ್ಲಿ ಬಿಲ್ ಇದ್ದರೆ ಅನುಕೂಲ.

ಗ್ಯಾಸ್ ತುಂಬಿಸಲು ಒಪ್ಪುವ ಮೊದಲು ಪತ್ರಿಕೆಯ ಹಾಳೆ ಹಾಸಿ ನೋಡಲು ಒಂದು ದಿನ, ತೂತಿಗೆ ಸುರಿಯಲು ಅರ್ಧ ಲೋಟ ನೀರು, ಇವೆರಡಕ್ಕೆ ಅವಕಾಶ ಕೊಡಿ. ಸುರಿದ ನೀರು ಹಿಂದಿನ ಟ್ರೇಗೆ ಬಾರದಿದ್ದರೆ ದೋಷ ಎಲ್ಲಿದೆ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಮೆಕ್ಯಾನಿಕ್ ಕೈಯಲ್ಲಿ ಆಗಬೇಕಾದ್ದು ಆ ದಾರಿ ತೆರೆಯುವ ಕೆಲಸ, ಕೂಲಿಯೂ ಅಷ್ಟಕ್ಕೇ.